ಒಂದೇ ಕಡೆ ಅಗಿಯುವ ಟಗರು

ಆಂಟಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಪರ್ತ್‌ನ ಹ್ಯಾರಿಸ್‌ಡೇಲಿನಲ್ಲಿ, ಒಂದು ಮಗುವಿನ ಹುಟ್ಟುಹಬ್ಬದ ಊಟದಲ್ಲಿ. ಹಿತ್ತಲಲ್ಲಿ ಬಾರ್ಬಿ, ಅಂದರೆ ಮಾಂಸ ಸುಡುವ ಒಲೆ, ಹೊತ್ತಿಸಿದ್ದರು. ಮಾಂಸ ನಾನು ಕೆಲಸ ಮಾಡುವ ಥಾರ್ನ್ಲಿ ಅಂಗಡಿಯದು, ಹಾಗಾಗಿ ಸುಡುವ ಕೆಲಸವೂ ನನಗೇ ಬಿದ್ದಿತ್ತು. ಮನೆಯವನು ಫೋನ್ ನೋಡಿಕೊಂಡು ಬಂದು, "ಅಡಿಲೇಡ್ ಡೆಂಟಿಸ್ಟ್ ಆಂಟಿ ಹೋಗ್ಬಿಟ್ರಂತೆ ಕಣ್ರೋ. ಹಾರ್ಟು," ಎಂದ.

"ಯಾರು, ಆ ಗನ್ ಆಂಟಿನಾ?" ಅವನ ಹೆಂಡತಿ ಕೇಳಿದಳು.

"ಅವ್ರೇ. ಅವರ ಹಾಲಲ್ಲಿ ಟಗರಿನ ಕೊಂಬು ನೇತುಹಾಕಿದ್ರಲ್ಲ, ನೋಡಿದ್ದೀಯಾ? ಎರಡೂ ತುದಿ ಮುರಿದಿತ್ತು. ಇಷ್ಟು ವರ್ಷ ಬೇಟೆ ಆಡಿ ಇದೊಂದೇನಾ ಆಂಟಿ ಸಿಕ್ಕಿದ್ದು ಅಂತ ನಾನು ಕೇಳೇಬಿಟ್ಟಿದ್ದೆ."

ಎಲ್ಲರೂ ನಕ್ಕರು. ಆ ಮನೆಯವರ ಮಗ, "ದಟ್ಸ್ ಸೋ ಸ್ಯಾಡ್ ಫಾರ್ ದ ಶೀಪ್," ಎಂದು ಹೇಳಿ ನನ್ನ ತಟ್ಟೆಯಿಂದ ಇನ್ನೊಂದು ಕುರಿ ಚಾಪ್ಸ್ ಎತ್ತಿಕೊಂಡ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಜಗಳವಾಗುತ್ತಿತ್ತು. ಅವತ್ತು ಹೇಳಬೇಕಿದ್ದದ್ದನ್ನು ಈಗ ಹೇಳುತ್ತೇನೆ. ಆ ಕೊಂಬು ಒಳ್ಳೆಯದು ಸಿಗದೆ ತಂದದ್ದಲ್ಲ. ಒಳ್ಳೆಯದು ಯಾವುದು ಎಂದು ಆ ಹಿತ್ತಲಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ನಾನು ಜಗಳೂರು ಕಡೆಯವನು. ಅಪ್ಪನದು ಮಟನ್ ಅಂಗಡಿ. ಓದು ತಲೆಗೆ ಹತ್ತಲಿಲ್ಲ, ಚಾಕು ಕೈಗೆ ಹತ್ತಿತು. ಅದೇ ಚಾಕುವಿನ ಮೇಲೆ ಇಲ್ಲಿನ ಮಾಂಸದ ಫ್ಯಾಕ್ಟರಿಗೆ ವೀಸಾ ಆಯಿತು. ಮೊದಲು ಬ್ರಿಸ್ಬೇನ್. ಅಲ್ಲಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ನಾಲ್ಕು ಜನ ಹುಡುಗರು ಒಂದು ಮನೆ ಹಿಡಿದಿದ್ದೆವು. ಪರ್ತಿಗೆ ಬರುವುದಕ್ಕೆ ಮುಂಚೆ ಕೆಲವು ವರ್ಷ ಅಡಿಲೇಡಿನಲ್ಲಿದ್ದೆ. ಅಲ್ಲಿಗೆ ಹೋದ ಹೊಸದರಲ್ಲೇ ದವಡೆ ಹಲ್ಲು ನೋವು ಹಿಡಿದುಕೊಂಡಿತು.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿದ್ದೆ. ಮಾಸ್ಕ್ ಹಾಕಿದ ಹೆಂಗಸು "ಓಪನ್ ವೈಡ್" ಎಂದು ಒಸಡಿಗೆ ಸೂಜಿ ಚುಚ್ಚಿದರು. ಪ್ರಾಣ ಹೋದಂತಾಯಿತು. ಇವರಿಗೇನು ತಿಳಿಯುತ್ತದೆ ಎಂದುಕೊಂಡು ಅವರ ಅಮ್ಮನನ್ನೂ ಸೇರಿಸಿ ಕನ್ನಡದಲ್ಲಿ ಬೈದೆ. ಸೂಜಿ ನಿಲ್ಲಲಿಲ್ಲ.

"ನಮ್ಮಮ್ಮ ಮೈಸೂರಲ್ಲಿ ಅವರ ಪಾಡಿಗೆ ಅವರಿದ್ದಾರೆ. ಅವರ ತಂಟೆ ಬೇಡ. ಬಾಯಿ ತೆಗಿ," ಎಂದರು.

ತೆಗೆದೆ. ನಾಚಿಕೆಗೆ ಮುಖ ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ.

ಹಲ್ಲು ತುಂಬುತ್ತಾ ಕೇಳಿದರು. "ಎಲ್ಲಿ ಕೆಲಸ?"

"ಕುಇ... ಕಡಿಯೋ... ಫ್ಯಾಕ್ಟಈ."

"ಕುರಿನಾ? ಹಲ್ಲು ನೋಡಿ ವಯಸ್ಸು ಹೇಳೋಕೆ ಬರುತ್ತಾ?"

ಬರುತ್ತದೆ ಎಂದು ತಲೆ ಆಡಿಸಿದೆ. ಕುರಿ ಸಂತೆಯಲ್ಲಿ ಬೆಳೆದವನಿಗೆ ಅಷ್ಟೂ ಬರದಿದ್ದರೆ ಹೇಗೆ? ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟಾದರೆ ಬಾಯಿ ಕೂಡಿತು ಎನ್ನುತ್ತೇವೆ. ಅಲ್ಲಿಂದ ಮುಂದೆ ಸವೆಯುವುದು, ಉದುರುವುದು.

"ಹಾಗಾದ್ರೆ ಶನಿವಾರ ಬಾ. ಗುಡ್ಡ ಹತ್ತೋದಿದೆ. ನಂಗೆ ಹೊರೋಕೆ ಒಂದು ಬೆನ್ನು ಬೇಕು."

ಹೀಗೆ ಶುರುವಾಯಿತು. ಬಂದೂಕೂ ಲೈಸೆನ್ಸೂ ಅವರದು, ಬೆನ್ನು ನನ್ನದು.

ಆಂಟಿ ಕುಳ್ಳಗಿದ್ದರು. ಅರವತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಲಂಡನ್ನಿನಲ್ಲೋ ಎಲ್ಲೋ ಇದ್ದಳು. ಯಾರ ಜೊತೆ ಮಾತಾಡಿದರೂ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು, ನಮ್ಮ ಹೆಂಗಸರು ಸೆರಗು ಸಿಕ್ಕಿಸುವ ಹಾಗೆ ಜಾಕೆಟ್ಟನ್ನು ಸೊಂಟಕ್ಕೆ ಬಿಗಿದು, ಬೆಳಗಿನ ಜಾವಕ್ಕೇ ಗಾಡಿ ಬಿಡುತ್ತಿದ್ದರು. ಅಡಿಲೇಡ್ ದಾಟಿ ಉತ್ತರಕ್ಕೆ ಒಂದು ಸರ್ವೋ ಇತ್ತು. ಅಲ್ಲಿ ಪೆಟ್ರೋಲ್ ಹಾಕಿಸಿ, ಐಸ್ಡ್ ಕಾಫಿ ಡಬ್ಬಿ ಕೈಗೆ ಕೊಟ್ಟು, "ಇನ್ನು ಮಾತು ಸಾಕು, ಹಾಡೂ ಸಾಕು," ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಚಿತ್ರಾನ್ನ ಇರುತ್ತಿತ್ತು.

ಅವರು ಹೋಗುತ್ತಿದ್ದದ್ದು ಒಂದು ಸ್ಟೇಷನ್ನಿಗೆ. ಸ್ಟೇಷನ್ ಎಂದರೆ ಇಲ್ಲಿ ಕುರಿ ಮೇಯಿಸುವ ಜಮೀನು, ನಮ್ಮ ಒಂದು ತಾಲ್ಲೂಕಿನಷ್ಟು ದೊಡ್ಡದು. ಕೆಂಪು ಮಣ್ಣು, ಕಲ್ಲುಗುಡ್ಡ, ಕುರುಚಲು. ಮಾಲೀಕನ ಅಪ್ಪ ಯಾವುದೋ ಕಾಲದಲ್ಲಿ ಉಣ್ಣೆಯಿಲ್ಲದ, ಬಾಲದಲ್ಲಿ ಕೊಬ್ಬು ತುಂಬಿದ, ದೊಡ್ಡ ಕೊಂಬಿನ ಒಂದು ಜಾತಿ ತಂದು ಸಾಕಿದ್ದನಂತೆ. ಬೇಲಿ ಮುರಿದು ಅವು ಗುಡ್ಡ ಸೇರಿದವು. ಅಲ್ಲೇ ಮರಿ ಹಾಕಿ, ಅಲ್ಲೇ ಬೆಳೆದು, ಈಗ ಮನುಷ್ಯನ ವಾಸನೆ ಬಂದರೆ ಓಡುವ ಕಾಡು ಕುರಿಗಳಾಗಿದ್ದವು.

ಮೊದಲ ದಿನವೇ ಒಂದು ಟಗರು ಕಂಡಿತು. ಕೊಂಬು ಒಂದು ಸುತ್ತು ತಿರುಗಿ ಮುಂದಕ್ಕೆ ಚಾಚಿತ್ತು. ಬಂಡೆಯ ಮೇಲೆ ನಿಂತಿದ್ದ ರೀತಿ ನೋಡಿದರೆ ಕ್ಯಾಲೆಂಡರಿಗೆ ಹಾಕಬಹುದಿತ್ತು.

"ಆಂಟಿ, ಅಲ್ನೋಡ್ರಿ! ಹೀರೋ ಇದ್ದಂಗೈತೆ! ಹೊಡೀರಿ!"

ಅವರು ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟರು. "ಕೊಂಬಿನ ತುದಿ ನೋಡು. ಹೇಗಿದೆ?"

"ಚೂಪಾಗೈತೆ."

"ಚೂಪಾಗಿದ್ರೆ ಹುಡುಗ. ಇನ್ನೂ ಯಾರ ಹತ್ರಾನೂ ನೆಟ್ಟಗೆ ಗುದ್ದಿಸ್ಕೊಂಡಿಲ್ಲ. ಬುಡ ನೋಡು, ಸಣ್ಣ. ಹೊಟ್ಟೆ ನೋಡು, ಬಿಗಿಯಾಗಿದೆ. ಪಕ್ಕದಲ್ಲಿ ಹೆಣ್ಣುಗಳಿವೆ. ಅವನಿಗಿನ್ನೂ ಊಟ ಬಡಿಸ್ತಾ ಇದ್ದಾರೆ ಕಣೋ. ಪಂಕ್ತೀಲಿ ಕೂತೋನನ್ನ ಎಬ್ಬಿಸ್ತಾರಾ ಯಾರಾದ್ರೂ?"

"ಮತ್ಯಾರನ್ನ ಎಬ್ಬಿಸ್ಬೇಕು?"

"ಊಟ ಮುಗಿಸಿ, ಎಲೆ ಮುಂದೆ ಸುಮ್ನೆ ಕೂತಿರ್ತಾನಲ್ಲ, ಅವನನ್ನ."

ಬೇರೆ ಬೇಟೆಯವರು ಟೇಪ್ ಹಿಡಿದು ಕೊಂಬು ಅಳೆಯುತ್ತಾರೆ. ಉದ್ದ ಎಷ್ಟು, ಸುತ್ತು ಎಷ್ಟು, ಫೋಟೋಗೆ ಹೇಗೆ ಬರುತ್ತದೆ. ಆಂಟಿಗೆ ಬೇಕಿದ್ದದ್ದು ವಯಸ್ಸು. ಪ್ರತಿ ವರ್ಷ ಮೇವು ಕಮ್ಮಿಯಾದಾಗ ಕೊಂಬು ಬೆಳೆಯುವುದು ನಿಂತು ಒಂದು ಗೆರೆ ಬೀಳುತ್ತದೆ. ಬುಡದ ಹತ್ತಿರ ಆ ಗೆರೆಗಳು ಒತ್ತೊತ್ತಾಗಿರಬೇಕು. ತುದಿ ಗುದ್ದಾಡಿ, ಕಲ್ಲಿಗೆ ಉಜ್ಜಿ ಮೊಂಡಾಗಿರಬೇಕು. ಸೊಂಟದ ಮೂಳೆ ಎದ್ದಿರಬೇಕು. ಹೆಣ್ಣುಗಳ ಹಿಂಡು ಬಿಟ್ಟು ಬೇರೆ ಇರಬೇಕು. ಇಷ್ಟಾದರೂ ಅವರಿಗೆ ಸಾಲುತ್ತಿರಲಿಲ್ಲ. ಅವನು ಮೆಲುಕು ಹಾಕುವುದನ್ನು ನೋಡಬೇಕಿತ್ತು.

"ಹಲ್ಲು ಸರಿ ಇರೋ ಕುರಿ ಸ್ವಲ್ಪ ಹೊತ್ತು ಈ ಕಡೆ ಅಗಿಯುತ್ತೆ, ಆಮೇಲೆ ಕಡೆ ಬದಲಾಯಿಸುತ್ತೆ. ಎಷ್ಟು ಹೊತ್ತಾದ್ರೂ ಕಡೆ ಬದಲಾಯಿಸದೆ, ಬಾಯಲ್ಲಿರೋದು ಅರ್ಧ ಕೆಳಗೆ ಬಿತ್ತು ಅನ್ನು, ಅವನಿಗೆ ಒಂದು ಕಡೆ ದವಡೇಲಿ ಏನೂ ಉಳಿದಿಲ್ಲ ಅಂತ. ಮುಂದಿನ ಬೇಸಿಗೇಲಿ ಈ ಒಣಗಿದ ಮುಳ್ಳು ತಿನ್ನೋಕಾಗದೆ ನಿಂತಲ್ಲೇ ಸಾಯ್ತಾನೆ, ಮೆಲ್ಲಗೆ. ಅಂಥೋನು ಸಿಕ್ಕಿದ್ರೆ ಹೊಡಿ. ಇಲ್ದಿದ್ರೆ ಚಿತ್ರಾನ್ನ ತಿನ್ಕೊಂಡು ಮನೆಗೆ ಹೋಗು."

ಬಹಳ ಸಲ ನಾವು ಚಿತ್ರಾನ್ನ ತಿಂದುಕೊಂಡೇ ಮನೆಗೆ ಬಂದಿದ್ದೇವೆ. ನನಗೆ ಸಿಟ್ಟು ಬರುತ್ತಿತ್ತು. ಬೇಟೆಗೆ ಹೋಗಿ ಕುರಿ ಮೆಲುಕು ಹಾಕುವುದನ್ನು ನೋಡಿ ಬರುವುದು ಯಾವ ಸೀಮೆಯ ಬೇಟೆ?

ಒಂದು ಟಗರಿನ ಮೇಲೆ ಅವರಿಗೆ ಕಣ್ಣಿತ್ತು. ನಾನು ಸಿಗುವುದಕ್ಕೆ ಮೊದಲಿನಿಂದಲೂ ಅದನ್ನು ನೋಡುತ್ತಿದ್ದರಂತೆ. ಅದನ್ನು "ಯಜಮಾನ್ರು" ಎನ್ನುತ್ತಿದ್ದರು. ಮೊದಮೊದಲು ನನಗೆ ತಿಳಿದಿರಲಿಲ್ಲ. ಒಂದು ಸಲ ಗಾಡಿಯಲ್ಲಿ, "ಯಜಮಾನ್ರು ಈ ಸಲ ತುಂಬಾ ಇಳಿದು ಹೋಗಿದ್ದಾರೆ," ಎಂದರು. ತೀರಿಕೊಂಡ ಗಂಡನ ಮಾತೆಂದು ನಾನು, "ಸಮಾಧಾನ ಮಾಡ್ಕೊಳ್ರಿ ಆಂಟಿ," ಎಂದೆ. ಅವರು ನಕ್ಕ ನಗುವಿಗೆ ಗಾಡಿ ರಸ್ತೆ ಬಿಟ್ಟು ಕೆಳಗಿಳಿಯಿತು.

"ಅವರು ಹೋದಾಗ ಸಮಾಧಾನ ಆಗಿದೆ ಬಿಡೋ. ಇವರು ಗುಡ್ಡದಲ್ಲಿರೋ ಯಜಮಾನ್ರು."

ಎರಡನೇ ವರ್ಷ ಆ ತಪ್ಪು ನಡೆಯಿತು. ಕನ್ನಡದವರಿಗೆ ಮಾತ್ರ ಆಗಬಹುದಾದ ತಪ್ಪು.

ಒಂದು ಕೊರಕಲಿನ ಎದುರು ಮಲಗಿದ್ದೆವು. ಬಿಸಿಲು ಆಂಟಿಯ ಕಣ್ಣಿಗೆ ನೇರ ಹೊಡೆಯುತ್ತಿತ್ತು. ಎರಡು ಟಗರು ಇದ್ದವು. ಒಂದು ಬಯಲಲ್ಲಿ, ಬರೀ ಕಲ್ಲಿನ ಮೇಲೆ. ಇನ್ನೊಂದು ಒಂದು ಗಿಡದ ಹಿಂದೆ. ನನ್ನ ಕಡೆಯಿಂದ ಗಿಡದ ಹಿಂದಿನದರ ಮೊಂಡು ಕೊಂಬು ಕಾಣುತ್ತಿತ್ತು.

"ಆಚೆ ಇರೋದು ಆಂಟಿ! ಆಚೆ ಇರೋದೇ ಯಜಮಾನ್ರು!" ಎಂದು ಪಿಸುಗುಟ್ಟಿದೆ.

ಗುಂಡು ಹಾರಿತು. ಬಯಲಲ್ಲಿದ್ದದ್ದು ಬಿತ್ತು. ಗಿಡದ ಹಿಂದಿನದು ಗುಡ್ಡ ಹತ್ತಿ ಮಾಯವಾಯಿತು.

"ಆಚೆ ಇರೋದು ಅಂದ್ಯಲ್ಲೋ!"

"ಹೂಂ ಮತ್ತೆ, ಆಚೆ. ಗಿಡದ ಆಚೆ."

"ಆಚೆ ಅಂದ್ರೆ ಹೊರಗಡೆ ಅಲ್ವೇನೋ? ಬಯಲಲ್ಲಿ?"

"ನಮ್ಮ ಕಡೆ ಆಚೆ ಅಂದ್ರೆ ಆ ಕಡೆ, ಆಂಟಿ. ಹೊರಗೆ ಅನ್ನೋಕೆ ಹೊರಗೆ ಅಂತೀವಿ."

ಮೈಸೂರಿನಲ್ಲಿ ಮಕ್ಕಳಿಗೆ "ಆಚೆ ಹೋಗಿ ಆಡ್ಕೊಳ್ಳಿ" ಎನ್ನುತ್ತಾರಂತೆ. ನನಗೆ ಹೇಗೆ ಗೊತ್ತು? ನಮ್ಮಲ್ಲಿ ಆಚೆ ಎಂದರೆ ಹಳ್ಳದ ಆಚೆ, ಬೇಲಿಯ ಆಚೆ.

ಇಬ್ಬರೂ ಹೋಗಿ ನೋಡಿದೆವು. ಆಂಟಿ ಮಂಡಿಯೂರಿ ಅದರ ತುಟಿ ಸರಿಸಿದರು. ಆರು ಹಲ್ಲು. ಬಾಯಿ ಇನ್ನೂ ಕೂಡಿರಲಿಲ್ಲ. ಹಲ್ಲು ಬಿಳಿ ಜೋಳದ ಹಾಗೆ ಹೊಳೆಯುತ್ತಿದ್ದವು. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ನಾನು ಸರಿಯಾಗಿ ಹೇಳಬೇಕಿತ್ತು..." ಎಂದು ಶುರು ಮಾಡಿದೆ.

"ಸುಮ್ನಿರು. ನೀನು ನಿನ್ನೂರಿನ ಮಾತು ಸರಿಯಾಗೇ ಆಡಿದೀಯ. ನೋಡಿ ಹೊಡೀಬೇಕಿತ್ತು. ನಾನು ಕೇಳಿ ಹೊಡೆದೆ."

ಅವತ್ತಿನಿಂದ ಒಂದು ನಿಯಮ ಬಂತು. ಯಾರ ಮಾತಿನ ಮೇಲೂ ಬಂದೂಕಿನ ಕುದುರೆ ಎಳೆಯುವುದಿಲ್ಲ. ತಾನೇ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಎಳೆಯದನ್ನು ಹೊತ್ತು ತಂದೆವು.

ಮರುವರ್ಷ ಒಂದು ದಿನ ಫ್ಯಾಕ್ಟರಿಯಲ್ಲಿದ್ದಾಗ ಆಂಟಿಯ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವರು ಫೋನ್ ಮಾಡುವವರಲ್ಲ.

"ಸೋಮವಾರ ಹೆಲಿಕಾಪ್ಟರ್ ಬರುತ್ತಂತೆ ಕಣೋ."

ಕಾಡು ಟಗರುಗಳು ಬೇಲಿ ಹಾರಿ ಸ್ಟೇಷನ್ ಮಾಲೀಕನ ಉಣ್ಣೆ ಕುರಿಗಳ ಮೇಲೆ ಬೀಳುತ್ತಿದ್ದವು. ಹುಟ್ಟುವ ಮರಿಗಳಿಗೆ ಉಣ್ಣೆಯೇ ಇಲ್ಲ. ಅವನಿಗೆ ಸಾಕಾಗಿ ಹೋಗಿತ್ತು. ಹೆಲಿಕಾಪ್ಟರಿನಿಂದ ಗುಂಡು ಹೊಡೆಸಿ ಗುಡ್ಡದ ಕಾಡು ಕುರಿಗಳನ್ನೆಲ್ಲ ತೆಗೆಸುವುದೆಂದು ತೀರ್ಮಾನ ಮಾಡಿದ್ದ. ಅವನದೂ ತಪ್ಪಲ್ಲ. "ಭಾನುವಾರದ ತನಕ ನಿಮ್ಮದು, ಡಾಕ್," ಎಂದಿದ್ದನಂತೆ.

"ಯಜಮಾನ್ರನ್ನ ಮೇಲಿಂದ ಅಟ್ಟಾಡಿಸಿ, ಹೊಟ್ಟೆಗೋ ಕಾಲಿಗೋ ಹೊಡೆದು ಬಿಟ್ಟು ಹೋಗೋಕೆ ನಾನು ಬಿಡಲ್ಲ," ಎಂದರು ಆಂಟಿ. "ಅಷ್ಟು ವರ್ಷ ಬದುಕಿದೋನಿಗೆ ಒಂದೇ ಗುಂಡು, ಗೊತ್ತಾಗದ ಹಾಗೆ. ಅದು ನಾನೇ ಮಾಡ್ತೀನಿ."

ಶನಿವಾರ ಇಡೀ ದಿನ ಸುತ್ತಿದೆವು. ಸಿಗಲಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ, ಬಿಸಿಲು ಇಳಿಯುವ ಮುಂಚೆ, ಒಂದು ಬಂಡೆಯ ನೆರಳಲ್ಲಿ ಟಗರೊಂದು ಮಲಗಿತ್ತು. ಒಂಟಿ. ಎರಡೂ ಕೊಂಬಿನ ತುದಿ ಮೊಂಡು. ಬುಡ ನನ್ನ ತೋಳಿನಷ್ಟು ದಪ್ಪ. ನನಗೆ ಅನುಮಾನವೇ ಇರಲಿಲ್ಲ.

"ಅವ್ರೇ ಆಂಟಿ. ಹೊಡೀರಿ."

"ಅಗಿಯೋದು ನೋಡ್ಬೇಕು."

"ಹೊತ್ತಾಗ್ತೈತೆ. ಗಾಳಿ ತಿರುಗಿದ್ರೆ ಓಡ್ತಾರೆ."

"ಓಡಲಿ."

ಕಾದೆವು. ಆ ಟಗರು ಕಣ್ಣು ಮುಚ್ಚಿ ಮಲಗಿದ್ದು ಮಲಗಿದ್ದೇ. ನನ್ನ ಮೊಣಕೈ ಕಲ್ಲಿಗೆ ಒತ್ತಿ ಜೋಮು ಹಿಡಿಯಿತು. ನೊಣ ಮೂಗಿನೊಳಗೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಲ್ರೀ ಆಂಟಿ, ನಾಳೆ ಹೆಂಗಿದ್ರೂ ಎಲ್ಲಾ ಸಾಯ್ತವೆ. ಹುಡುಗನೋ ಮುದುಕನೋ ಹೆಲಿಕಾಪ್ಟರ್ ಕೇಳ್ತೈತಾ? ಇವನು ಅವನಲ್ಲದಿದ್ರೂ ಏನೀಗ? ಇವತ್ತು ನೀವು ಹೊಡೆದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಅವರು ಬೈನಾಕ್ಯುಲರಿನಿಂದ ಕಣ್ಣು ತೆಗೆಯಲಿಲ್ಲ. "ಊರೆಲ್ಲಾ ಕಿತ್ತು ಹೋಗ್ತಿದೆ ಅಂತ ನಾನೂ ಒಂದು ಇಟ್ಟಿಗೆ ಕೀಳ್ಲಾ? ಸುಮ್ನೆ ಮಲಗು."

ಕೊನೆಗೆ ಟಗರಿನ ಗಂಟಲಲ್ಲಿ ಉಂಡೆ ಮೇಲೆ ಬಂತು. ಮೆಲುಕು ಹಾಕಲು ಶುರು ಮಾಡಿತು. ಎಡಗಡೆ. ಎಡಗಡೆ. ಎಡಗಡೆ. ಆಮೇಲೆ ದವಡೆ ಸಲೀಸಾಗಿ ತಿರುಗಿ ಬಲಗಡೆ ಅಗಿಯತೊಡಗಿತು. ಒಂದು ಎಸಳೂ ಕೆಳಗೆ ಬೀಳಲಿಲ್ಲ.

"ಇವರಲ್ಲ," ಎಂದರು ಆಂಟಿ. ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. "ಜಗಳಗಂಟ ಅಷ್ಟೇ. ಹಲ್ಲೆಲ್ಲಾ ಗಟ್ಟಿಯಾಗಿದೆ."

ಅಡಿಲೇಡ್ ಬರುವವರೆಗೂ ನಾನು ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೂತೆ. ಅಷ್ಟು ಸಿಟ್ಟು. ಇಳಿಯುವಾಗ ಅವರೇ ಹೇಳಿದರು. "ಮಂಗಳವಾರ ಕ್ಲಿನಿಕ್ ಮುಚ್ತೀನಿ. ನೀನು ಸಿಕ್ ಲೀವ್ ಹಾಕು."

"ಹೆಣ ನೋಡೋಕಾ?"

"ಹೌದು."

ಮಂಗಳವಾರ ಹೋದೆವು, ಬಂದೂಕೂ ಜೊತೆಗಿತ್ತು. ಮಾಲೀಕ ಬೇಡ ಎನ್ನಲಿಲ್ಲ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನನ್ನ ಮುಖ ನೋಡಿದ. ಕೊರಕಲುಗಳಲ್ಲಿ ಕುರಿಗಳು ಬಿದ್ದಿದ್ದವು. ದಿನಕ್ಕೆ ನೂರಾರು ಕುರಿ ನೋಡುವವನು ನಾನು, ಆದರೂ ಅದು ಬೇರೆ ತರಹ ಇತ್ತು. ಫ್ಯಾಕ್ಟರಿಯಲ್ಲಿ ಅವು ಎಲ್ಲಿಗೋ ಹೋಗುತ್ತವೆ, ಯಾರದೋ ಊಟವಾಗುತ್ತವೆ. ಇವು ಎಲ್ಲಿಗೂ ಹೋಗುವಂತಿರಲಿಲ್ಲ. ಆಂಟಿ ಕ್ಲಿನಿಕ್ಕಿನ ಗ್ಲೌಸ್ ಹಾಕಿಕೊಂಡು ಕೊಂಬು ಮೊಂಡಾಗಿದ್ದ ಪ್ರತಿಯೊಂದರ ಹತ್ತಿರವೂ ಮಂಡಿಯೂರಿದರು. ತುಟಿ ಸರಿಸುವುದು, ನೋಡುವುದು, "ಇವರಲ್ಲ" ಎನ್ನುವುದು, ಏಳುವುದು.

ಭಾನುವಾರ ಬಿಟ್ಟುಬಂದ ಜಗಳಗಂಟನೂ ಅಲ್ಲಿದ್ದ. ಹಿಂಗಾಲಿಗೆ ಒಂದು, ಬೆನ್ನಿಗೆ ಒಂದು ಗುಂಡು. ಬಾಯಿ ತುಂಬ ಹಲ್ಲು.

"ನಾನು ಹೇಳ್ಲಿಲ್ವಾ ಆಂಟಿ?"

"ಹೇಳ್ದೆ." ಅದರ ತುಟಿ ಮುಚ್ಚಿದರು. ಅವರ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗೇ ಇತ್ತು. "ಮತ್ತೆ ಭಾನುವಾರ ಬಂದ್ರೆ ಮತ್ತೆ ಇವನನ್ನ ಬಿಟ್ಟೇ ಬರ್ತೀನಿ. ನಡಿ."

ಕೊನೆಯ ಕೊರಕಲೂ ಮುಗಿಯಿತು. ಯಜಮಾನ್ರು ಸಿಗಲಿಲ್ಲ. ನಾನು ವಾಪಸ್ ಹೋಗೋಣ ಎಂದೆ. ಆಂಟಿ ನೀರು ಕುಡಿದು ಗುಡ್ಡ ನೋಡುತ್ತಾ ನಿಂತರು.

"ಹೆಲಿಕಾಪ್ಟರ್ ಸದ್ದಿಗೆ ಏನು ಮಾಡ್ತಾವೆ?"

"ಓಡ್ತಾವೆ."

"ಓಡಿದ್ದು ಕಾಣುತ್ತೆ, ಹೊಡೀತಾರೆ. ಓಡೋಕೇ ಆಗದೆ ಇರೋನು?"

ಬಂಡೆಗಳು ಮುಂದಕ್ಕೆ ಚಾಚಿ ಸೂರಿನ ಹಾಗಿದ್ದ ಜಾಗಗಳನ್ನು ಒಂದೊಂದಾಗಿ ಹುಡುಕಿದೆವು. ಮೇಲಿನಿಂದ ನೋಡಿದರೆ ಅವು ಕಾಣುವುದಿಲ್ಲ. ಹತ್ತುವಾಗ ಆಂಟಿಗೆ ಎದೆ ಹಿಡಿದಂತಾಗಿ ಎರಡು ಸಲ ಕೂತರು. ಸಾಕು ಎಂದರೆ ಕೇಳಲಿಲ್ಲ. ಗುಡ್ಡದ ಹಿಂಬದಿಯಲ್ಲಿ ಅಂಥ ಒಂದು ಸೂರಿನ ಕೆಳಗೆ ಅವನಿದ್ದ, ಇನ್ನೂ ಜೀವಂತ. ಬರೀ ಎಲುಬಿನ ಗೂಡು. ಮುಖ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಎರಡೂ ಕೊಂಬಿನ ತುದಿಯಲ್ಲಿ ಒಂದು ಸುತ್ತೇ ಮುರಿದು ಹೋಗಿತ್ತು.

ಈ ಸಲ ನಾನು ಏನೂ ಹೇಳಲಿಲ್ಲ. ಆಂಟಿ ಕಲ್ಲಿನ ಮೇಲೆ ಬಂದೂಕು ಊರಿ ಮಲಗಿದರು. ಕಾದರು. ಅವನು ಎದುರಿಗಿದ್ದ ಒಣ ಗಿಡಕ್ಕೆ ಬಾಯಿ ಹಾಕಿದ. ಬಲಗಡೆ ಅಗಿದ. ಬಲಗಡೆ. ಬಲಗಡೆಯೇ. ಅರ್ಧ ಮೇವು ಎಡಗಡೆಯಿಂದ ಜೊಲ್ಲಿನ ಜೊತೆ ಕೆಳಗೆ ಬಿತ್ತು. ಅವನು ಕುತ್ತಿಗೆ ಬಗ್ಗಿಸಿ ಬಿದ್ದದ್ದನ್ನೇ ಮತ್ತೆ ಬಾಯಿಗೆ ತೆಗೆದುಕೊಂಡ. ಅದೂ ಬಿತ್ತು.

"ಕಾಣ್ತು," ಎಂದರು ಆಂಟಿ, ತಮಗೆ ತಾವೇ.

ಒಂದೇ ಗುಂಡು. ಅವನು ತಲೆ ಎತ್ತಲೂ ಇಲ್ಲ.

ಹೊತ್ತು ತರುವಾಗ ಭಾರವೇ ಇರಲಿಲ್ಲ. ಕೊಂಬೇ ಅರ್ಧ ತೂಕ.

ಮುಂದಿನ ಭಾನುವಾರ ಆಂಟಿ ಮನೆಯಲ್ಲಿ ಊಟ. ಮುದ್ದೆ ತಿರುವಿದ್ದರು. ಮಾಂಸಕ್ಕೆ ಕುಕ್ಕರ್ ಕೂಗಿ ಕೂಗಿ ಸುಸ್ತಾಗಿತ್ತು, ಮಾಂಸ ಮಾತ್ರ ಬಗ್ಗಿರಲಿಲ್ಲ. ಸಾರಿಗೆ ಎಷ್ಟು ಮಸಾಲೆ ಅರೆದು ಹಾಕಿದ್ದರೂ ಮುದಿ ಟಗರಿನ ವಾಸನೆ ಹೋಗಿರಲಿಲ್ಲ. ಮುದ್ದೆ ನುಂಗಿದೆ. ತುಂಡು ಬಾಯಿಗೆ ಹಾಕಿ ಅಗಿದೆ, ಅಗಿದೆ, ಅದು ಹೇಗಿತ್ತೋ ಹಾಗೇ ಇತ್ತು.

"ಆಂಟಿ, ಇದು ಚಪ್ಪಲಿ ಇದ್ದಂಗೈತೆ. ತಿನ್ನೋಕಾಗಲ್ಲ. ಬಿಸಾಕಿ, ಅಂಗಡಿಯಿಂದ ಒಳ್ಳೇ ಮರಿ ಮಾಂಸ ತಂದು ಕೊಡ್ತೀನಿ."

ಆಂಟಿ ಮೊದಲು ತಮ್ಮ ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

"ಬಿಸಾಕೋದಾಗಿದ್ರೆ ಹೆಲಿಕಾಪ್ಟರ್‌ನೋರೇ ಸಾಕಿತ್ತು," ಎಂದರು. ಸೌಟು ತೆಗೆದುಕೊಂಡು ತಮ್ಮ ತಟ್ಟೆಗೆ ಇನ್ನೆರಡು ತುಂಡು ಹಾಕಿಕೊಂಡರು.

ನಾನೂ ನನ್ನ ತಟ್ಟೆಯನ್ನು ಸೌಟಿನ ಕಡೆಗೆ ಸರಿಸಿದೆ.